ಕಾಡಿಗೆ ಮೀಸೆ

ನಮ್ಮ ಮನೆಯ ಪಡಸಾಲೆಯ ಕಂಬಕ್ಕೆ ಒಂದು ಮೊಳೆ ಇದೆ. ಅಪ್ಪ ತನ್ನ ಮುಖದ ಎತ್ತರಕ್ಕೆ ಸರಿಯಾಗಿ ಹೊಡೆದ ಮೊಳೆ ಅದು. ಅದಕ್ಕೆ ತೂಗುಹಾಕಿದ ಕನ್ನಡಿಯಲ್ಲಿ ಅಪ್ಪನೊಬ್ಬನನ್ನು ಬಿಟ್ಟರೆ ಬೇರೆ ಯಾರಿಗೂ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಅವ್ವ ಗಿಡ್ಡ, ಅವಳಿಗೆ ಅದರಲ್ಲಿ ಕಾಣುತ್ತಿದ್ದದ್ದು ಬೈತಲೆ ಮತ್ತು ಸೆರಗಿನ ಅಂಚು ಮಾತ್ರ. ಕುಂಕುಮ ಹಚ್ಚಿಕೊಳ್ಳಲು ಅವಳು ಕುಂಕುಮದ ಡಬ್ಬಿಯ ಮುಚ್ಚಳದೊಳಗಿನ ಸಣ್ಣ ಕನ್ನಡಿಯನ್ನೇ ನಂಬಿದ್ದಳು. ನಾನು ಮಣೆ ಹಾಕಿಕೊಂಡು ತುದಿಗಾಲಲ್ಲಿ ನಿಂತರೆ ನನ್ನ ಹಣೆ ಕಾಣುತ್ತಿತ್ತು. ಮೊಳೆಯನ್ನು ಒಂದು ಗೇಣು ಕೆಳಗೆ ಹೊಡೆದಿದ್ದರೆ ಯಾರ ಗಂಟು ಹೋಗುತ್ತಿತ್ತೋ ಗೊತ್ತಿಲ್ಲ. ಆದರೆ ಅಪ್ಪ ಹೋದ ಮೇಲೆ ಅದನ್ನು ಕೆಳಗಿಳಿಸುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ.

ಹೋದ ಎಂದರೆ ಸತ್ತ ಎಂದು ಅರ್ಥ ಮಾಡಿಕೊಳ್ಳಬೇಡಿ. ಸತ್ತನೋ ಇಲ್ಲವೋ ಎಂಬುದೇ ನಮಗೆ ಗೊತ್ತಿಲ್ಲ. ನಾನು ಆಗ ಆರನೇ ಇಯತ್ತೆ. ದನದ ಕೊಟ್ಟಿಗೆಯ ಮಾಡಿಗೆ ಬಿದಿರು ಬೇಕಾಗಿತ್ತು. ಅಳ್ನಾವರದಲ್ಲಿ ಚಲೋ ಬಿದಿರು ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಪ್ಪ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ದಾಡಿ ಮಾಡಿಕೊಂಡ, ಮೀಸೆಯ ತುದಿಗೆ ಎಣ್ಣೆ ಸವರಿ ಹುರಿ ಮಾಡಿದ, ಇಸ್ತ್ರಿ ಅಂಗಿ ಹಾಕಿಕೊಂಡ. ಬ್ರಷ್ಷನ್ನು ತೊಳೆಯದೆ ಬಟ್ಟಲಲ್ಲೇ ಬಿಟ್ಟು, "ಸಂಜಿ ಗಾಡಿಗೆ ಬರತೀನಿ. ಬಂದ ಮ್ಯಾಲೆ ತೊಳಿತೀನಿ ಬಿಡು" ಎಂದು ಅವ್ವನಿಗೆ ಹೇಳಿ ಗುಡಗೇರಿ ಸ್ಟೇಷನ್ನಿನ ದಾರಿ ಹಿಡಿದ. ಸಂಜೆಯ ಗಾಡಿ ಬಂತು, ಹೋಯಿತು. ಮರುದಿನದ ಗಾಡಿಯೂ ಬಂತು. ಅಪ್ಪ ಬರಲಿಲ್ಲ.

ಕಾಕಾ ಹುಡುಕಿಕೊಂಡು ಹೋದರು. ಅಪ್ಪನ ತಮ್ಮ, ನಮ್ಮ ಪಕ್ಕದ ಓಣಿಯಲ್ಲೇ ಬೇರೆ ಮನೆ ಮಾಡಿಕೊಂಡಿದ್ದವರು. ಅಳ್ನಾವರದಲ್ಲಿ ಬಿದಿರು ಮಾರುವವರನ್ನೆಲ್ಲ ಕೇಳಿದರು, ಸ್ಟೇಷನ್ನಿನಲ್ಲಿ ಕೇಳಿದರು, ಪೊಲೀಸರಿಗೆ ಬರೆದುಕೊಟ್ಟು ಬಂದರು. ಅಂಥ ಮನುಷ್ಯ ಬಂದೇ ಇಲ್ಲ ಎಂದು ಎಲ್ಲರೂ ಅಂದರು. ಆಮೇಲೆ ವರ್ಷಕ್ಕೊಬ್ಬರು ಬಂದು ಒಂದೊಂದು ಸುದ್ದಿ ಹೇಳುತ್ತಿದ್ದರು. ಲೋಂಡಾದಲ್ಲಿ ಗಾಡಿಯ ಬಾಗಿಲಲ್ಲಿ ನಿಂತಿದ್ದನ್ನು ಕಂಡೆ ಎಂದು ಒಬ್ಬರು, ಗೋವಾದ ಮೀನಿನ ಪೇಟೆಯಲ್ಲಿ ಬುಟ್ಟಿ ಹೊರುತ್ತಿದ್ದ ಎಂದು ಇನ್ನೊಬ್ಬರು. ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಮ್ಮಪ್ಪ ಮೀನಿನ ಬುಟ್ಟಿ ಹೊರುತ್ತಾನಂತೆ. ಅವ್ವ ಮಾತ್ರ ಯಾರು ಏನು ಹೇಳಿದರೂ ಚಹಾ ಕೊಟ್ಟು ಕೇಳಿಸಿಕೊಳ್ಳುತ್ತಿದ್ದಳು.

ಆ ಬಟ್ಟಲು, ಬ್ರಷ್ಷು ಮತ್ತು ರೇಜರು ಗೂಡಿನಲ್ಲಿ ಹಾಗೇ ಉಳಿದವು. ಬಟ್ಟಲಿನೊಳಗೆ ಸಾಬೂನಿನ ಬುರುಗು ಒಣಗಿ ಬಿಳಿಯ ಬಳೆಯಂತೆ ಅಂಟಿಕೊಂಡಿತ್ತು. ದೀಪಾವಳಿಗೆ ಮನೆಯ ಪಾತ್ರೆ ಪಗಡಿ ಎಲ್ಲ ಹೊರಗೆ ಬಂದು ತಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದವು. ಅದೊಂದನ್ನು ಅವ್ವ ಮುಟ್ಟುತ್ತಿರಲಿಲ್ಲ. ಬಂದ ಮೇಲೆ ತೊಳೆಯುತ್ತೇನೆ ಎಂದಿದ್ದಾನಲ್ಲ, ಬಂದು ತೊಳೆಯಲಿ ಎಂಬ ಹಟ ಇರಬೇಕು.

ಪಿಯುಸಿ ಸೇರಿದ ವರ್ಷ ನನ್ನ ಕೆನ್ನೆಯ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು ಎದ್ದವು. ಕುಂದಗೋಳದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಗೆಳೆಯರು ಕೆನ್ನೆ ಸವರಿ ಕಾಡುತ್ತಿದ್ದರು. ಇದನ್ನೆಲ್ಲ ಕಲಿಸಬೇಕಾದವನು ಮನೆಯಲ್ಲಿರಲಿಲ್ಲ. ಕಾಕಾನನ್ನು ಕೇಳಿದರೆ, "ಇನ್ನ ಯಾಕ ಅವಸರಲೇ, ಒಮ್ಮಿ ಹಚ್ಚಿದ್ರ ಮುಗೀತು, ಸಾಯೂ ತನಕ ಬಿಡಂಗಿಲ್ಲ" ಎಂದು ನಕ್ಕು ಹೊಲಕ್ಕೆ ಹೋದರು. ಅವ್ವನನ್ನು ಕೇಳುವ ಮಾತೇ ಇಲ್ಲ. ಸೋಮವಾರ ಬೇಡ, ಮಂಗಳವಾರ ಬೇಡ, ಶುಕ್ರವಾರವಂತೂ ಬೇಡವೇ ಬೇಡ, ಅಮಾವಾಸ್ಯೆ ಹತ್ತಿರ ಬಂದರೆ ಬೇಡ ಎಂದು ಬರೀ ಬೇಡಗಳ ಪಟ್ಟಿ ಓದುತ್ತಿದ್ದಳು. ಹೀಗಾಗಿ ಒಂದು ರವಿವಾರ, ಅವಳು ಪಡಸಾಲೆಯ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಗ, ನಾನು ಗೂಡಿನಿಂದ ಅಪ್ಪನ ಸಾಮಾನು ಎತ್ತಿಕೊಂಡು ಹಿತ್ತಲ ಬಚ್ಚಲಿಗೆ ಹೋದೆ. ಕೈಯಲ್ಲಿ ಹಿಡಿಯಲು ಕುಂಕುಮದ ಡಬ್ಬಿಯ ಸಣ್ಣ ಕನ್ನಡಿಯೂ ಇತ್ತು.

ರೇಜರಿನ ಹಿಡಿ ತಿರುಗಿಸಿದರೆ ಮೇಲಿನ ತಗಡು ಬಿಚ್ಚಿಕೊಳ್ಳುತ್ತಿತ್ತು. ಹಳೆಯ ಬ್ಲೇಡು ತುಕ್ಕು ಹಿಡಿದು ಅಂಟಿತ್ತು. ಅದರ ಕೆಳಗೆ, ಒಣಗಿದ ಸಾಬೂನಿನ ಒಳಗೆ, ಸಣ್ಣ ಸಣ್ಣ ಕರಿ ಕೂದಲು ಇದ್ದವು. ಅಪ್ಪನ ಗಡ್ಡದ ಕೂದಲು. ಆ ಬೆಳಿಗ್ಗೆಯವು. ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಅದರ ಮೇಲೆ ಚೊಂಬಿನ ನೀರು ಹೊಯ್ದೆ. ಅವು ತೇಲಿಕೊಂಡು ಬಚ್ಚಲ ಮೋರಿಯ ಕಡೆ ಹೋದವು. ಅಪ್ಪನ ಮೈಯದು ಎಂದು ಈ ಮನೆಯಲ್ಲಿ ಉಳಿದಿದ್ದದ್ದು ಅಷ್ಟೇ ಎಂದು ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಹೊಳೆದಿದ್ದರೂ ಅವನ್ನು ಇಟ್ಟುಕೊಂಡು ನಾನೇನು ಮಾಡಬಹುದಿತ್ತು?

ತುಕ್ಕು ಬ್ಲೇಡು ಕಿತ್ತು, ಅಂಗಡಿಯಿಂದ ತಂದಿಟ್ಟಿದ್ದ ಹೊಸ ಬ್ಲೇಡು ಕೂಡಿಸಿ, ಬಟ್ಟಲಿಗೆ ನೀರು ಹಾಕಿ ಬ್ರಷ್ಷು ತಿರುವಿದೆ. ಅಷ್ಟು ವರ್ಷ ಒಣಗಿ ಕೂತಿದ್ದ ಸಾಬೂನು ಮತ್ತೆ ಬುರುಗೆದ್ದಿತು. ಅದೇ ವಾಸನೆ. ಅಪ್ಪ ನನ್ನನ್ನು ಎತ್ತಿಕೊಂಡಾಗ ಅವನ ಕೆನ್ನೆಯಿಂದ ಬರುತ್ತಿದ್ದ ವಾಸನೆ. ಅದು ನನ್ನ ಕೆನ್ನೆಯ ಮೇಲೆ ಹರಡಿದಾಗ ಯಾರೋ ಹಿಂದೆ ನಿಂತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ಹಿತ್ತಲಲ್ಲಿ ಎಮ್ಮೆಯೊಂದು ಬಿಟ್ಟರೆ ಯಾರೂ ಇರಲಿಲ್ಲ.

ಕೆನ್ನೆ ಹೇಗೋ ಪಾರಾಯಿತು. ಎರಡು ಕಡೆ ಕೊಯ್ದುಕೊಂಡೆ, ಅದೇನು ದೊಡ್ಡ ಮಾತಲ್ಲ. ಎಡವಟ್ಟಾದದ್ದು ಮೂಗಿನ ಕೆಳಗೆ. ನನಗೆ ಆಗ ಇದ್ದದ್ದು ಮೀಸೆ ಎನ್ನುವುದಕ್ಕಿಂತ ಮೀಸೆಯ ನೆರಳು. ಬಲಗಡೆಯ ತುದಿಯಲ್ಲಿ ರೇಜರು ಸ್ವಲ್ಪ ಮೇಲೆ ಹತ್ತಿ ಒಂದು ತುಂಡು ಹಾರಿಹೋಯಿತು. ಎಡಗಡೆಯನ್ನು ಅದಕ್ಕೆ ಸರಿ ಮಾಡಹೋದೆ, ಅದು ಹೆಚ್ಚು ಹೋಯಿತು. ಮತ್ತೆ ಬಲಗಡೆ. ಹಾಳಾದ ಅಂಗೈಯಗಲದ ಕನ್ನಡಿಯಲ್ಲಿ ಒಂದು ಕಡೆ ಕಂಡರೆ ಇನ್ನೊಂದು ಕಡೆ ಕಾಣುತ್ತಿರಲಿಲ್ಲ. ಕೊನೆಗೆ ಮೂಗಿನ ಹೊಳ್ಳೆಯ ಕೆಳಗೆ ಕಡ್ಡಿಯಷ್ಟು ಉಳಿದದ್ದನ್ನು ನೋಡಿ ಸಿಟ್ಟು ಬಂದು ಪೂರ್ತಿ ಎಳೆದುಬಿಟ್ಟೆ, ಎಡಗಡೆ ತುಟಿಯ ಮೇಲೂ ಕೊಯ್ದುಹೋಯಿತು. ರಕ್ತ ನಿಲ್ಲಲೆಂದು ಪಟಕದ ಹರಳು ತಿಕ್ಕಿಕೊಂಡು, ಉರಿಯುವ ಮುಖ ಹೊತ್ತುಕೊಂಡು ಪಡಸಾಲೆಗೆ ಬಂದೆ.

ನಮ್ಮ ಮಂದಿಯಲ್ಲಿ ತಂದೆ ಬದುಕಿರುವಾಗ ಮಗ ಮೀಸೆ ತೆಗೆಯುವುದಿಲ್ಲ. ಗಡ್ಡ ಬೋಳಿಸು, ಬಿಡು, ಅದು ನಿನ್ನ ಮರ್ಜಿ. ಮೀಸೆ ಮಾತ್ರ ಅಪ್ಪನದು. ಅಪ್ಪ ಸತ್ತ ದಿನ ತಲೆಯ ಜೊತೆ ಅದೂ ಹೋಗುತ್ತದೆ. ಬೋಳು ತುಟಿಯ ಗಂಡಸು ಎದುರಿಗೆ ಬಂದರೆ ನಮ್ಮ ಊರಿನವರು ಮೊದಲು ಕೇಳುವುದು, ಯಾವಾಗ ತೀರಿಕೊಂಡರು ಎಂದು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಆದರೆ ಅದು ದೊಡ್ಡವರ ಮೀಸೆಯ ಮಾತು, ನನ್ನ ಆ ನೆರಳಿಗೂ ಅದಕ್ಕೂ ಸಂಬಂಧ ಇದೆ ಎಂದು ತಲೆಗೆ ಹೋಗಿರಲಿಲ್ಲ.

ಅವ್ವ ಮೊರದಿಂದ ತಲೆ ಎತ್ತಿದಳು. ಮೊರ ಕೈಯಿಂದ ಜಾರಿ ಜೋಳವೆಲ್ಲ ಪಡಸಾಲೆಯ ತುಂಬ ಹರಡಿತು. ನನಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ.

"ಯಾರು ಹೇಳಿದ್ರೋ ನಿನಗ?" ಎಂದು ಕೇಳಿದಳು. ದನಿ ಬಹಳ ಸಣ್ಣದಾಗಿತ್ತು. "ಎಲ್ಲಿ ಸಿಕ್ರಂತ?"

ನನಗೆ ಏನೂ ತಿಳಿಯಲಿಲ್ಲ. ನಾನು ಸುಮ್ಮನೆ ನಿಂತದ್ದೇ ಅವಳಿಗೆ ಉತ್ತರವಾಯಿತು. ಅವಳು ಎರಡೂ ಕೈಯನ್ನು ನೆಲಕ್ಕೆ ಬಡಿದಳು. ಹಸಿರು ಬಳೆ ಎರಡು ಒಡೆದು ಜೋಳದಲ್ಲಿ ಬಿದ್ದವು. ಆ ಸಪ್ಪಳಕ್ಕೆ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದಳು. ನನ್ನ ತುಟಿ ನೋಡಿದಳು, ಅವ್ವನ ಕೈ ನೋಡಿದಳು, "ಅಯ್ಯ ನಮ್ಮಪ್ಪಾ, ಹೋದೇನೋ" ಎಂದು ರಾಗ ತೆಗೆದಳು. ಅಷ್ಟು ಸಾಕಾಯಿತು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಅವ್ವನನ್ನು ತಬ್ಬಿಕೊಂಡು ಅಳತೊಡಗಿದರು. ಗಂಡಸರು ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತರು. ಯಾರೋ ಕಾಕಾನನ್ನು ಕರೆಯಲು ಹೊಲಕ್ಕೆ ಓಡಿದರು. ನಾನು ಕಂಬಕ್ಕೆ ಆತು ನಿಂತಿದ್ದೆ. ಇಷ್ಟು ಜನ ಅಳುತ್ತಿದ್ದಾರೆಂದರೆ ಅಪ್ಪ ಸತ್ತಿರಲೇಬೇಕು ಅನ್ನಿಸಿ ನನಗೂ ಅಳು ಬಂತು. ಸುದ್ದಿ ಹುಟ್ಟಿಸಿದವನು ನಾನೇ, ಆದರೂ ನಂಬಿದೆ.

ಕಾಕಾ ಕೆಸರುಗಾಲಲ್ಲೇ ಓಡಿ ಬಂದರು. ನನ್ನ ಎರಡೂ ಭುಜ ಹಿಡಿದು, "ಯಾರ ಬಂದಿದ್ರು? ಎಲ್ಲಿಂದ ಸುದ್ದಿ ಬಂತು?" ಎಂದರು.

"ಯಾರೂ ಬಂದಿಲ್ರಿ ಕಾಕಾ," ಎಂದೆ. "ದಾಡಿ ಮಾಡ್ಕೊಳ್ಳಾಕ ಹೋಗಿದ್ದೆ. ಕೈ ತಪ್ಪಿತು."

ಅವರು ಕೊಟ್ಟ ಏಟಿಗೆ ನನ್ನ ಕಿವಿ ಸಂಜೆಯ ತನಕ ಗುಂಯ್ ಎನ್ನುತ್ತಿತ್ತು. ಹೊಡೆದವರೇ ಆಮೇಲೆ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಅಳಲು ಬಂದ ಹೆಂಗಸರಿಗೆ ಎದ್ದು ಹೋಗುವುದು ಹೇಗೆಂದು ತಿಳಿಯದೆ ಚೆಲ್ಲಿದ ಜೋಳ ಬಳಿಯತೊಡಗಿದರು. ಅಜ್ಜಿ ಮಾತ್ರ, "ಸುಮ್ಮಸುಮ್ಮನ ಹಿಂಗೆಲ್ಲಾ ಆಗಂಗಿಲ್ಲವಾ. ಅವರ ಜೀವಾನ ಇವನ ಕೈ ಹಿಡದು ತಗಿಸೇತಿ" ಎಂದು ಒಂದು ಮಾತು ಎಸೆದು ಹೋದಳು. ಆ ಮಾತು ನಮ್ಮ ಮನೆಯಿಂದ ಬಹಳ ವರ್ಷ ಹೊರಗೆ ಹೋಗಲಿಲ್ಲ. ಈಗಲೂ ಕೆಲವು ಬೆಳಿಗ್ಗೆ ರೇಜರು ಎತ್ತಿದಾಗ ನನ್ನ ಕೈಯ ಮೇಲೆ ಇನ್ನೊಂದು ಕೈ ಇದೆಯೇನೋ ಎಂದು ಒಂದು ಗಳಿಗೆ ತಡೆಯುತ್ತೇನೆ.

ಮರುದಿನ ಅವ್ವ ಬಳೆಗಾರನ ಮನೆಗೇ ಹೋಗಿ ಕೈ ತುಂಬ ಹೊಸ ಬಳೆ ಇಡಿಸಿಕೊಂಡು ಬಂದಳು. ಬಂದವಳು ನನ್ನನ್ನು ಮಣೆಯ ಮೇಲೆ ಕೂಡಿಸಿದಳು. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿದಿದ್ದಳು. "ಮಾರಿ ಎತ್ತು," ಎಂದಳು. ಕಿರುಬೆರಳಿಗೆ ಕಾಡಿಗೆ ತಗೊಂಡು ನನ್ನ ತುಟಿಯ ಮೇಲೆ ಬರೆಯತೊಡಗಿದಳು.

"ಕಾಲೇಜಿನಾಗ ನಗತಾರ ಬೇ," ಎಂದೆ.

"ನಗಲಿ. ಅಳೂದಕ್ಕಿಂತ ಚಲೋ."

ಅವಳ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. ಮೊದಲು ತೆಳ್ಳಗೆ ಒಂದು ಗೆರೆ ಎಳೆದಳು, ಹುಡುಗರಿಗೆ ಇರುವಂಥದ್ದು. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬೆರಳು ನಿಲ್ಲಲಿಲ್ಲ. ಗೆರೆ ದಪ್ಪಗಾಯಿತು, ತುಟಿಯ ತುದಿಯ ತನಕ ಬಂತು, ತುದಿಯಲ್ಲಿ ತುಸು ಮೇಲಕ್ಕೆ ತಿರುಗಿತು. ಅವಳಿಗೆ ಗೊತ್ತಿದ್ದದ್ದು ಒಂದೇ ಮೀಸೆ. ಬರೆದು ಮುಗಿಸಿ, ಸರಿ ಬಂತೋ ಇಲ್ಲವೋ ನೋಡಲು ಸ್ವಲ್ಪ ಹಿಂದೆ ಸರಿದಳು. ಸರಿದವಳು ಅಲ್ಲೇ ನಿಂತಳು. ಆಮೇಲೆ, ಮಗನ ಮುಂದೆ ಎಂದೂ ಹೊದೆಯದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ನಾನು ಎದ್ದು ಕಂಬದ ಕನ್ನಡಿಯ ಮುಂದೆ ನಿಂತೆ. ಈಗ ಮಣೆ ಬೇಕಾಗಿರಲಿಲ್ಲ. ಯಾವಾಗ ಅಷ್ಟು ಉದ್ದ ಬೆಳೆದಿದ್ದೆನೋ, ಮುಖ ಸರಿಯಾಗಿ ಕನ್ನಡಿಯ ನಡುವೆ ಬಂತು. ಅಲ್ಲಿ ಅಪ್ಪ ಇದ್ದ. ಕಿವಿಯ ಹತ್ತಿರ ಕಾಕಾನ ಏಟಿನ ಗುರುತು ಇರದಿದ್ದರೆ ನಾನು ಓಡಿಹೋಗುತ್ತಿದ್ದೆ.

ಮೀಸೆ ಬೆಳೆಯುವ ತನಕ ದಿನವೂ ಬೆಳಿಗ್ಗೆ ಕಾಡಿಗೆ ನಡೆಯಿತು. ಬಸ್ಸಿನ ಬೆವರಿಗೆ ಅದು ಇಳಿದು ಗಲ್ಲಕ್ಕೆ ಬರುತ್ತಿತ್ತು, ಗೆಳೆಯರು ನಕ್ಕು ಸಾಯುತ್ತಿದ್ದರು. ನಿಜದ ಮೀಸೆ ಬಂದಾಗ ಅದೂ ಅವ್ವ ಬರೆದ ಹಾಗೇ ಬಂತು, ಬಿಡಿಸಿಟ್ಟ ರಂಗೋಲಿಗೆ ಬಣ್ಣ ತುಂಬಿದ ಹಾಗೆ. ಅದನ್ನು ಬೇರೆ ರೀತಿ ಕತ್ತರಿಸಿಕೊಳ್ಳಲು ನಾನು ಎಷ್ಟೋ ಸಲ ನೋಡಿದೆ. ಎರಡು ವಾರದಲ್ಲಿ ತುದಿ ತಾನಾಗಿಯೇ ಮೇಲಕ್ಕೆ ತಿರುಗುತ್ತಿತ್ತು.

ಅಲ್ಲಿಂದ ನನ್ನ ಮೀಸೆ ನನ್ನದಾಗಿ ಉಳಿಯಲಿಲ್ಲ. ಅದು ಅವ್ವನ ಕುಂಕುಮಕ್ಕೆ ನಿಂತ ಜಾಮೀನು. ಊರಲ್ಲಿ ಯಾರದೇ ಮನೆಯ ಸೀಮಂತಕ್ಕೆ, ಮದುವೆಗೆ ಉಡಿ ತುಂಬಲು ಮುತ್ತೈದೆಯರನ್ನು ಕರೆಯುವಾಗ ಅವ್ವನ ಹೆಸರು ಬಂದರೆ ಒಂದು ಕ್ಷಣ ಎಲ್ಲರೂ ತಡೆಯುತ್ತಿದ್ದರು. ಆಗ ಯಾರಾದರೂ, "ಅವರ ಮಗಾ ಇನ್ನ ಮೀಸಿ ಬಿಟ್ಟಾನಲ್ಲವಾ, ಕರೀರಿ" ಎನ್ನುತ್ತಿದ್ದರು. ಅವ್ವ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಕಟ್ಟಿಕೊಂಡು ಬರುತ್ತಿದ್ದಳು. ನಾನು ಹಿಟ್ಟಿನ ಗಿರಣಿ ಹಾಕಿದ ಮೇಲೆ ಜೋಳದ ಹಿಟ್ಟು ಮೀಸೆಗೆ ಹತ್ತಿ ಸಂಜೆಗೆ ಬೆಳ್ಳಗಾಗುತ್ತಿತ್ತು. ನೀರು ಹಾಕಿ ತೊಳೆದುಕೊಳ್ಳುವಾಗಲೂ, ಇದು ಉದುರಿಬಿಟ್ಟರೆ ಗತಿ ಏನು ಎಂಬ ಹುಚ್ಚು ಹೆದರಿಕೆ ಬರುತ್ತಿತ್ತು.

ಮಹಾನವಮಿ ಅಮಾವಾಸ್ಯೆ ಬಂದಾಗ ಇದೆಲ್ಲ ಮತ್ತೂ ಕಠಿಣ. ಅವತ್ತು ತೀರಿಹೋದ ಹಿರಿಯರಿಗೆ ಎಡೆ ಇಡಬೇಕು. ಅಪ್ಪನಿಗೆ ಇಡುವುದೋ ಬಿಡುವುದೋ? ಬದುಕಿರುವವನಿಗೆ ಇಟ್ಟರೆ ಅವನ ಆಯುಷ್ಯ ಕಳೆದ ಹಾಗೆ. ಸತ್ತಿದ್ದು ಇಡದಿದ್ದರೆ ಹಸಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಅವ್ವ ಹಿರಿಯರ ಎಡೆಯ ಸಾಲು ಬಿಟ್ಟು, ಹೊಸ್ತಿಲ ಹತ್ತಿರ ಒಂದು ತಟ್ಟೆ ಬಡಿಸಿ ಇಡುತ್ತಿದ್ದಳು. ಯಾರಿಗೆಂದು ಹೇಳುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಅದನ್ನು ತಾನೇ ಉಣ್ಣುತ್ತಿದ್ದಳು.

ಹನ್ನೆರಡು ವರ್ಷ ತುಂಬಿದ ಮೇಲೆ ಕಾಕಾ ಒಮ್ಮೆ ಅವ್ವನ ಎದುರಿಗೆ ಕೂತು ಮಾತು ತೆಗೆದರು. ಕಾಣೆಯಾದವರಿಗೆ ಅಷ್ಟು ಕಾಯುವುದು ಶಾಸ್ತ್ರ, ಆಮೇಲೆ ಹುಲ್ಲಿನ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬಹುದು ಎಂದು ಯಾರೋ ಹೇಳಿದ್ದರು.

"ಮಾಡಿ ಬಿಡೂಣು ವೈನಿ," ಎಂದರು. "ಅಣ್ಣನ ಜೀವಕ್ಕ ಒಂದು ನೆಲಿ ಸಿಗತೈತಿ. ಇವನೂ ಮೀಸಿ ತಗದು ಹಗರ ಆಗ್ತಾನ."

ಅವ್ವ ಚಹಾದ ಕಪ್ಪನ್ನು ಅವರ ಕಡೆ ಸರಿಸಿದಳು. "ಸುಟ್ಟ ಮ್ಯಾಲೆ ಬಂದ್ರ?" ಎಂದಳು.

ಕಾಕಾ ಮತ್ತೆ ಆ ಮಾತು ಎತ್ತಲಿಲ್ಲ. ತಾವೇ ಸತ್ತರು, ಪಾಪ, ಅಣ್ಣನ ದಾರಿ ನೋಡಿ ನೋಡಿ.

ನನಗೂ ಮದುವೆಯಾಗಿ, ಮಗ ಹುಟ್ಟಿ, ನನ್ನ ವಯಸ್ಸು ಅಪ್ಪ ಹೋದಾಗಿನ ವಯಸ್ಸಿಗೆ ಬಂದಾಗ ಒಂದು ಬೆಳಿಗ್ಗೆ ನಡೆದದ್ದನ್ನು ನಾನು ಮರೆಯಲಾರೆ. ಕಂಬದ ಮುಂದೆ ನಿಂತು ಕೆನ್ನೆಗೆ ಬುರುಗು ಹಚ್ಚಿಕೊಳ್ಳುತ್ತಿದ್ದೆ. ಅವ್ವ ಹಿತ್ತಲಿಂದ ಸಗಣಿಯ ಬುಟ್ಟಿ ಹಿಡಿದು ಬಂದವಳು ಬಾಗಿಲಲ್ಲಿ ನಿಂತಳು.

"ಯಾವಾಗ ಬಂದ್ರಿ?" ಎಂದಳು.

ನನ್ನ ಜೀವಮಾನದಲ್ಲಿ ಅವ್ವ ನನಗೆ 'ರಿ' ಹಚ್ಚಿ ಮಾತಾಡಿದವಳಲ್ಲ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಹರೆಯದ ಹೆಣ್ಣಿನ ಮುಖದ ಹಾಗಿತ್ತು. ತಿರುಗಿ, ಅವ್ವಾ, ನಾನು ಎನ್ನಬೇಕು. ಆದರೆ ತಿರುಗಿದರೆ ಅವಳ ಕೈಯಿಂದ ಏನನ್ನೋ ಕಸಿದುಕೊಂಡ ಹಾಗೆ ಆಗುತ್ತಿತ್ತು. ಬೆನ್ನು ಕೊಟ್ಟುಕೊಂಡೇ ನಿಂತೆ. "ಚಾ ಇಡತೀನಿ," ಎಂದು ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಪ್ಪು ಹಿಡಿದು ಬಂದಾಗ ಅವಳು ಮೊದಲಿನ ಅವ್ವನೇ. "ಹಿಡಿಲೇ, ಆರಿ ಹೋಗತೈತಿ," ಎಂದಳು. ನಾವಿಬ್ಬರೂ ಆ ಬಗ್ಗೆ ಮಾತಾಡಲಿಲ್ಲ. ಆದರೆ ಅವತ್ತಿನಿಂದ ಅವಳು ದಿನವೂ ನಾನು ದಾಡಿ ಮಾಡಿಕೊಳ್ಳುವ ಹೊತ್ತಿಗೆ ಕೈಗೆಲಸ ಬಿಟ್ಟು ಬಂದು ಒಳಬಾಗಿಲ ಪಕ್ಕ, ಕನ್ನಡಿಯ ಕಡೆ ಮುಖ ಮಾಡಿ ಕೂರತೊಡಗಿದಳು.

ಅದಾದ ಕೆಲವು ವರ್ಷಕ್ಕೆ ಗಿರಣಿಯ ಮೋಟಾರಿನ ಕೆಲಸವೊಂದಕ್ಕೆ ನಾನು ಅಳ್ನಾವರಕ್ಕೆ ಹೋಗಬೇಕಾಯಿತು. ಅಲ್ಲಿಯ ತನಕ ಆ ಊರಿಗೆ ಕಾಲಿಟ್ಟಿರಲಿಲ್ಲ. ಗಾಡಿಗೆ ಇನ್ನೂ ಹೊತ್ತಿತ್ತು, ಸ್ಟೇಷನ್ನಿನ ರಸ್ತೆಯಲ್ಲಿ ಒಂದು ಕಟಿಂಗ್ ಅಂಗಡಿಗೆ ದಾಡಿ ಮಾಡಿಸಲು ಕೂತೆ. ವಯಸ್ಸಾದ ಮನುಷ್ಯ. ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬುರುಗು ಹಚ್ಚಿ, ಕನ್ನಡಿಯಲ್ಲಿ ನನ್ನನ್ನು ನೋಡಿ, "ಮೀಸಿ ಮುಟ್ಟೂದಿಲ್ಲ ಬಿಡ್ರಿ, ಗೊತ್ತೈತಿ," ಎಂದ.

"ಹೆಂಗ ಗೊತ್ತು?"

"ಹಿಂದಕ ಬಂದಾಗ ನೀವ ಹೇಳಿದ್ರಲ್ರಿ."

ನನ್ನ ಕುತ್ತಿಗೆಯ ಮೇಲೆ ಅವನ ಕತ್ತಿ ಇತ್ತು. ಅಲುಗಾಡಲಿಲ್ಲ. ಯಾವಾಗ ಬಂದಿದ್ದೆ ಎಂದು ಕೇಳಿದೆ. ಹೋದ ವರ್ಷ ಇರಬೇಕು, ಮಳೆಗಾಲದಲ್ಲಿ ಎಂದ. ಒಬ್ಬನೇ ಬಂದಿದ್ದೆನಾ ಎಂದೆ. ಅವನು ನಕ್ಕು, "ನಿಮ್ಮ ಸುದ್ದಿ ನನ್ನ ಕೇಳತೀರಿ?" ಎಂದ. ಮುಂದೆ ಅವನಿಗೇ ಅನುಮಾನ ಬಂತು. ದಿನಕ್ಕೆ ಎಷ್ಟೋ ಮಂದಿ ಬರುತ್ತಾರೆ, ನೀವೋ ನಿಮ್ಮಂಥವರೋ ಎಂದು ಹಿಂದೆ ಸರಿದ. ಈ ಅಂಗಡಿಯವರು ಗಿರಾಕಿಗಳಿಗೆಲ್ಲ ಹೀಗೇ ಹಳೆಯ ಪರಿಚಯ ಹೇಳುತ್ತಾರೆ, ನನಗೂ ಗೊತ್ತು. ಆದರೂ ಆ ಕುರ್ಚಿಯಿಂದ ಏಳುವಾಗ ಅದರ ಕೈಯನ್ನು ಮುಟ್ಟಿ ನೋಡಿದೆ. ಸಂಜೆಯ ತನಕ ಆ ರಸ್ತೆಯ ಎರಡೂ ಬದಿ ಅಲೆದೆ. ನನ್ನ ಮುಖ ಹೊತ್ತ ಮುದುಕನೊಬ್ಬ ಎದುರು ಬಂದರೆ ಏನೆಂದು ಕರೆಯುವುದು ಎಂದು ಯೋಚಿಸುತ್ತ ಅಲೆದೆ. ನಮ್ಮನ್ನು ಹೀಗೆ ಇತ್ತಲೂ ಅಲ್ಲದೆ ಅತ್ತಲೂ ಅಲ್ಲದೆ ನಿಲ್ಲಿಸಿದ ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ಇನ್ಯಾವತ್ತೂ ಬಂದಿಲ್ಲ. ಸಿಕ್ಕಿದ್ದರೆ ಕಾಲು ಹಿಡಿದು ಅಳುತ್ತಿದ್ದೆ, ಅದೂ ನಿಜ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ಹಿಂದಿನ ವರ್ಷ ಅಂದ್ನಾ?" ಹೌದು ಎಂದೆ. ಅವತ್ತು ಎದ್ದು ಹೋಗಿ ಕುಂಕುಮವನ್ನು ಇನ್ನೊಂದು ಸುತ್ತು ದೊಡ್ಡದಾಗಿ ಹಚ್ಚಿಕೊಂಡಳು.

ಈಗ ಈ ವರ್ಷದ ಮಾತಿಗೆ ಬರುತ್ತೇನೆ. ನನ್ನ ಮಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಾನೆ. ರಜೆಗೆ ಬಂದಾಗ ಅವನ ಕೆನ್ನೆಯ ಮೇಲೆ ಕೂದಲು ಗೊಂಚಲು ಗೊಂಚಲಾಗಿ ನಿಂತಿದ್ದವು. ನನಗೆ ಯಾರೂ ಕಲಿಸಲಿಲ್ಲ, ಇವನಿಗಾದರೂ ಕಲಿಸಬೇಕು ಎಂದು ಆಸೆ. ಪ್ಲಾಸ್ಟಿಕ್ ರೇಜರು, ಡಬ್ಬಿ ಒತ್ತಿದರೆ ಬರುವ ಬುರುಗು, ಎಲ್ಲ ಅವನೇ ತಂದಿದ್ದ. ಕಂಬದ ಮುಂದೆ ನಿಲ್ಲಿಸಿದೆ. ಅವನಿಗೂ ಮಣೆ ಬೇಕಾಗಲಿಲ್ಲ. ಬಿಸಿನೀರಿನ ಅರಿವೆ ಇಟ್ಟುಕೊಂಡು ಕೂದಲು ಮೆತ್ತಗೆ ಮಾಡಿಕೋ, ಚರ್ಮ ಎಡಗೈಯಿಂದ ಎಳೆದು ಹಿಡಿ, ಕೂದಲು ಮಲಗಿದ ಕಡೆಗೇ ಎಳೆ, ಒತ್ತಬೇಡ ಎಂದು ಹೇಳುತ್ತ ಹೋದೆ. ಅವ್ವ ತನ್ನ ಜಾಗದಲ್ಲಿ ಕೂತು ನೋಡುತ್ತಿದ್ದಳು. ಮೂಗಿನ ಕೆಳಗೆ ಬಂದಾಗ ನಾನು ಅವನ ಕೈ ಹಿಡಿದೆ.

"ಇದನ್ನ ಬಿಡು. ನಾ ಇನ್ನ ಅದೀನಿ."

"ಕಾಲೇಜಿನಾಗ ಎಲ್ಲಾರೂ ತಗೀತಾರಪ್ಪಾ," ಎಂದ ಅವನು. ಆಮೇಲೆ, ಕನ್ನಡಿಯಲ್ಲೇ ನನ್ನನ್ನು ನೋಡುತ್ತ, "ನೀ ಮೀಸಿ ಇಟ್ಕೊಂಡಿದ್ದಕ್ಕ ಅಜ್ಜಾ ಬಂದ್ರೇನು?" ಎಂದ.

ಅವನ ದನಿಯಲ್ಲಿ ಉದ್ಧಟತನ ಇರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದ. ನನ್ನ ಕೈ ಮೇಲೆದ್ದಿತ್ತು, ಕಾಕಾನ ಕೈ ಎದ್ದ ಹಾಗೆ.

"ಅವನ್ನ ಬಿಡು," ಎಂದಳು ಅವ್ವ. ಗೋಡೆ ಹಿಡಿದು ಎದ್ದು ಬಂದಳು. ಮೊಮ್ಮಗನನ್ನು ಬಾಜೂ ಸರಿಸಿ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. "ನಿಂದು ತಗಿ."

"ಏನು?"

"ಮೀಸಿ. ತಗದು ಬಿಡು."

"ಅವ್ವಾ, ನಿನ್ನ ಕುಂಕುಮ..."

"ಮೀಸಿ ನಿಂದು, ಕುಂಕುಮ ನಂದು. ಎರಡನ್ನೂ ಗಂಟ ಹಾಕಿದವರು ಯಾರೂ ಈಗ ಉಳದಿಲ್ಲ."

ಅವಳು ಕಂಬಕ್ಕೆ ಆತು ನಿಂತು, ಯಾರಿಗೋ ಹೇಳುವಂತೆ ಮೆಲ್ಲಗೆ ಹೇಳಿದಳು: "ದಿನಾ ಮುಂಜಾನಿ ನೀ ಇಲ್ಲಿ ನಿಂತಾಗ ಅವರು ಬರತಾರ. ಕನ್ನಡ್ಯಾಗ ನೋಡತೀನಿ. ಹೊಳ್ಳಿ ನಿಂತಿ ಅಂದ್ರ ನೀ ಆಗಿಬಿಡತಿ, ಅವರು ಹೋಗತಾರ. ದಿನಾ ಬರತಾರ, ದಿನಾ ಹೋಗತಾರ. ಒಮ್ಮಿ ಹೋಗಿದ್ದನ್ನ ತಡಕೊಂಡೆ ತಮ್ಮಾ. ಇದನ್ನ ತಡಕೊಳ್ಳಾಕ ಆಗವಲ್ದು. ನನ್ನ ಮಗನ ಮಾರಿ ಹೆಂಗೈತಿ ಅನ್ನೂದ ನನಗ ಮರತ ಹೋಗೇತಿ."

ಮಗ ಪ್ಲಾಸ್ಟಿಕ್ ರೇಜರು ಮುಂದೆ ಹಿಡಿದ. ನಾನು ಬೇಡವೆಂದು ಗೂಡಿನಿಂದ ಅಪ್ಪನ ರೇಜರು ತೆಗೆದು ಹೊಸ ಬ್ಲೇಡು ಹಾಕಿದೆ. ಈ ಸಲ ತಪ್ಪಿ ಅಲ್ಲ, ಕಣ್ಣು ತೆರೆದೇ ಎಳೆದೆ. ಮೀಸೆಯಲ್ಲಿ ಅರ್ಧ ಬಿಳಿಯಾಗಿತ್ತು. ಅದು ಬುರುಗಿನೊಳಗೆ, ಕೂದಲು ಯಾವುದು ಬುರುಗು ಯಾವುದು ಎಂದು ತಿಳಿಯದೆ ಹೋಯಿತು. ತುಟಿಯ ಮೇಲೆ ಗಾಳಿ ತಾಗಿ ತಣ್ಣಗಾಯಿತು. ಎಡಗಡೆ, ಅಂದು ಕೊಯ್ದುಕೊಂಡದ್ದರ ಸಣ್ಣ ಗುರುತು ಇನ್ನೂ ಇತ್ತು.

ಅವ್ವ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಹಾಂ," ಎಂದಳು. "ಬಂದಿ ನೋಡು."

ಆಗಲೇ ಪಕ್ಕದ ಮನೆಯ ಅಜ್ಜಿಯ ಸೊಸೆ ಮಜ್ಜಿಗೆ ಕೇಳಲು ಬಂದವಳು ನನ್ನ ತುಟಿ ನೋಡಿ ಬಾಗಿಲಲ್ಲೇ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಅವ್ವ, "ಏನೂ ಆಗಿಲ್ಲವಾ. ಚಲೋ ಕಾಣವಲ್ದಾಗಿತ್ತು, ನಾನ ತಗಿಸೇನಿ," ಎಂದು ಚರಿಗೆ ಇಸಿದುಕೊಂಡು ಮಜ್ಜಿಗೆ ತರಲು ಹೋದಳು. ಅವಳ ಕೈಯ ಬಳೆ ಹಾಗೇ ಇದ್ದವು. ಹಣೆಯ ಕುಂಕುಮವೂ ಇತ್ತು. ನನ್ನ ಮಗನ ಮೀಸೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅವನು ಬೇಕೆಂದಾಗ ಬಿಡುತ್ತಾನೆ, ಬೇಡವೆಂದಾಗ ತೆಗೆಯುತ್ತಾನೆ.

ನಾನು ಮತ್ತೆ ಬೆಳೆಸಲಿಲ್ಲ. ಬೆಳಿಗ್ಗೆ ಕನ್ನಡಿಯಲ್ಲಿ ಯಾರೋ ನಡುವಯಸ್ಸಿನ ಗಂಡಸು ಇರುತ್ತಾನೆ, ಅವನ ಪರಿಚಯ ಇನ್ನೂ ಆಗಬೇಕು. ಅಪ್ಪನನ್ನು ಹುಡುಕುತ್ತೇನೆ, ಸುಳ್ಳು ಯಾಕೆ ಹೇಳಲಿ. ಅವನು ಅಲ್ಲಿಲ್ಲ. ಮನೆಯಿಂದ ಎರಡನೆಯ ಸಲ ಅವನನ್ನು ಕಳಿಸಿದ ಹಾಗೆ ನನಗೆ ಅನ್ನಿಸುತ್ತದೆ, ಈ ಸಲ ನನ್ನ ಕೈಯಿಂದಲೇ.

ಅವ್ವ ಈಗಲೂ ಅದೇ ಹೊತ್ತಿಗೆ ಕೈಗೆಲಸ ಬಿಟ್ಟು ಬರುತ್ತಾಳೆ. ಒಳಬಾಗಿಲ ಪಕ್ಕ ಕೂರುವುದಿಲ್ಲ. ನನ್ನ ಬೆನ್ನ ಹಿಂದಿನಿಂದ ದಾಟಿಕೊಂಡು ಹೊರಗಿನ ಕಟ್ಟೆಗೆ ಹೋಗಿ, ಸ್ಟೇಷನ್ನಿನ ದಾರಿಯ ಕಡೆ ಮುಖ ಮಾಡಿ ಕೂರುತ್ತಾಳೆ.